ಗೋಡೆಯ ಮೇಲಿನ ಎರಡು ಚೌಕ

11 ದಿನಗಳಿಂದ ನಮ್ಮ ಹಜಾರದ ಗೋಡೆಯ ಮೇಲೆ ಎರಡು ಚೌಕಗಳಿವೆ. ಎಡಗಡೆಯದು ನನ್ನಾಕೆಯ ಹಳದಿ, ಬಲಗಡೆಯದು ನನ್ನ ನೀಲಿ. ಪೇಂಟರ್ ದಿನಾ ಬೆಳಿಗ್ಗೆ ಬಂದು, "ಯಾವುದು ಸಾರ್?" ಎಂದು ಕೇಳಿ, ಕಾಫಿ ಕುಡಿದು ಹೋಗುತ್ತಾನೆ. ಎಳೆಬಿಸಿಲಿಗೆ ಹಳದಿ ಆಗತಾನೆ ಕಡೆದ ಬೆಣ್ಣೆ; ಸಂಜೆ ಟ್ಯೂಬ್‌ಲೈಟ್ ಹಾಕಿದೊಡನೆ ಕಾಮಾಲೆ. ನನ್ನ ನೀಲಿ ನಡುಹಗಲಲ್ಲಿ ಮಳೆ ನಿಂತ ಆಕಾಶ. ದೇವರ ಮನೆಯ ದೀಪದ ಬೆಳಕಿಗೆ ಬರೀ ಬೂದಿ. "ನಿಮ್ಮ ನೀಲಿ ಬಳಿದರೆ ಬಂದವರು ಟೋಕನ್ ಕೇಳುತ್ತಾರೆ" ಎನ್ನುತ್ತಾಳೆ. "ನಿನ್ನ ಹಳದಿ ಬಳಿದರೆ ಊಟದ ಎಲೆ ಕೇಳುತ್ತಾರೆ" ಎನ್ನುತ್ತೇನೆ.

ತಿಪಟೂರಿನ ಮನೆಯಲ್ಲಿ ಈ ಜಗಳಕ್ಕೆ ಜಾಗವೇ ಇರಲಿಲ್ಲ. ಗೋಡೆಗೆ ಸುಣ್ಣ, ಬುಡಕ್ಕೆ ಕೆಮ್ಮಣ್ಣಿನ ಪಟ್ಟಿ, ಮುಗಿಯಿತು. ದೀಪಾವಳಿಗೆ ಮುಂಚೆ ಅಪ್ಪ ಹಳೇ ಡ್ರಮ್ಮಿನಲ್ಲಿ ಸುಟ್ಟ ಸುಣ್ಣದ ಕಲ್ಲಿಗೆ ನೀರು ಹುಯ್ದರೆ ಅದು ಒಲೆಯಿಲ್ಲದೆ ಕೊತಕೊತ ಕುದಿಯುತ್ತಿತ್ತು. ಆ ಸುಣ್ಣವೂ ಅಪ್ಪಟ ಬಿಳಿಯಲ್ಲ, ಒಳಗೊಳಗೇ ತುಸು ಹಳದಿ. ಅದನ್ನು ಅಡಗಿಸಲು ಅಪ್ಪ ಬಟ್ಟೆಗೆ ಹಾಕುವ ನೀಲಿಯನ್ನು ಚಿಟಿಕೆ ಲೆಕ್ಕದಲ್ಲಿ ಕದಡುತ್ತಿದ್ದರು. ಅಮ್ಮ "ಸಾಕು" ಎನ್ನುವ ಹೊತ್ತಿಗೆ ಒಂದು ಚಿಟಿಕೆ ಹೆಚ್ಚೇ ಬಿದ್ದಿರುತ್ತಿತ್ತು. ಹಳದಿಯೂ ನೀಲಿಯೂ ರಾಜಿಯಾಗಿ ಬಿಳಿಯಾದ ಮನೆಯಲ್ಲಿ ನಾನು ಬೆಳೆದದ್ದು ಎಂಬುದು ಹೊಳೆದದ್ದೇ ಈ 11 ದಿನಗಳಲ್ಲಿ.

ಗೋಡೆಗೆ ಹತ್ತಿದ ಸುಣ್ಣ ಗಾಳಿ ಕುಡಿದು ಮತ್ತೆ ಕಲ್ಲಾಗುತ್ತದೆ. ಕಲ್ಲಾಗಲು ಮನಸ್ಸಿಲ್ಲದ ಪಾಲೆಲ್ಲ ನಮ್ಮ ಅಂಗಿಯ ಬೆನ್ನಿಗೆ. ಅಪ್ಪ ಮಾತ್ರ ಅಂಜದೆ, ಊಟವಾದ ಮೇಲೆ ಕಂಬದ ಪಕ್ಕ ಅದೇ ಜಾಗದಲ್ಲಿ ಒರಗಿ ಕಣ್ಣು ಮುಚ್ಚುತ್ತಿದ್ದರು. ತೆಂಗಿನ ಸೀಮೆ, ತಲೆಗೆ ಎಣ್ಣೆಯ ಬರವಿಲ್ಲ. ಗೋಡೆಯ ಮೇಲೆ ದೋಸೆಯಗಲದ ಒಂದು ಕಲೆ. ಪ್ರತಿ ದೀಪಾವಳಿಗೂ ಅದರ ಮೇಲೆ ಸುಣ್ಣ ಬೀಳುತ್ತಿತ್ತು. ಸಂಕ್ರಾಂತಿಯ ಹೊತ್ತಿಗೆ ಕಲೆ ಮತ್ತೆ ಹಾಜರು. "ಸುಣ್ಣ ಬಳಿಯಬೇಕಾದ್ದು ಗೋಡೆಗಲ್ಲ, ನಿಮ್ಮ ತಲೆಗೆ" ಎಂಬ ಅಮ್ಮನ ಗೊಣಗೂ ಹಾಜರು.

ಅಪ್ಪ ಹೋದ ಮೇಲೆ ಬಂದ ದೀಪಾವಳಿಗೆ ನಾನೇ ಕುಂಚ ಹಿಡಿದೆ. ನೀಲಿ ಹದವಾಗಿಯೇ ಬಿತ್ತು. ಸಂಕ್ರಾಂತಿ ಬಂತು, ಕಲೆ ಬರಲಿಲ್ಲ. ಎಳ್ಳುಬೆಲ್ಲಕ್ಕೆ ಕೊಬ್ಬರಿ ಹೆಚ್ಚುತ್ತ ಕೂತಿದ್ದ ಅಮ್ಮ ಒಮ್ಮೆ ತಲೆಯೆತ್ತಿ ಆ ಜಾಗ ನೋಡಿದರು. "ಈ ಸಲ ಸುಣ್ಣ ಚೆನ್ನಾಗಿ ಹಿಡಿದಿದೆ" ಎಂದರು.

ಇವತ್ತು ಪೇಂಟರ್ ಕಾಫಿ ಲೋಟ ಕೆಳಗಿಡುತ್ತ, "ಯಾವುದಾದ್ರೂ ಒಂದು ಹೇಳಿ ಸಾರ್. ಎರಡೂ ವಾಷಬಲ್. ಎಣ್ಣೆ ಕಲೆಯಾದ್ರೂ ಒದ್ದೆ ಬಟ್ಟೇಲಿ ಒರೆಸಿದ್ರೆ ಗುರುತೇ ಇರಲ್ಲ" ಎಂದ.

ಹಳದಿಯೇ ಇರಲಿ ಎಂದೆ. ನಾನು ತಲೆಗೆ ಎಣ್ಣೆ ಹಚ್ಚುವುದು ಬಿಟ್ಟೇ 30 ವರ್ಷವಾಯಿತು.