ಕಡಲ ಬದಿಯ ಸಿಹಿನೀರು: ದಿನಚರಿಯ ಪುಟಗಳು

7 ಫೆಬ್ರವರಿ 2025, ಶುಕ್ರವಾರ

ಪಂಚಗಂಗಾ ರೈಲು ಕುಮಟಾ ತಲುಪಿದಾಗ ಇನ್ನೂ ಮಬ್ಬುಗತ್ತಲು. ಇಳಿದ ಕೂಡಲೇ ಮೂಗಿಗೆ ಬಡಿದದ್ದು ಒದ್ದೆ ಮಣ್ಣು ಮತ್ತು ಒಣಮೀನಿನ ವಾಸನೆ. ಅಜ್ಜಿಯ ಮನೆಗೆ ರಜೆಗೆ ಬರುತ್ತಿದ್ದ ಕಾಲದಲ್ಲೂ ಇದೇ ವಾಸನೆ ಇತ್ತು. ಹೆಗಡೆ ಊರಿನ ಆ ಮನೆ ಈಗ ನಮ್ಮದಲ್ಲ.

ಅಂತರ್ಜಲ ಇಲಾಖೆಯಲ್ಲಿ ಮೂವತ್ತೊಂದು ವರ್ಷ ದುಡಿದು ಕಳೆದ ವಾರ ನಿವೃತ್ತಳಾದೆ. ಮಗಳು ಅದಕ್ಕೆಂದೇ ಕಡಲ ಬದಿಯ ಈ ಹೋಟೆಲಿನಲ್ಲಿ ಮೂರು ರಾತ್ರಿಗೆ ಜಾಗ ಕಾದಿರಿಸಿದ್ದಾಳೆ. ರಾತ್ರಿಗೆ ಹದಿನೆಂಟು ಸಾವಿರ ರೂಪಾಯಿ. ಬೇಡವೆಂದೆ. "ಅಮ್ಮ, ಇದು ಪರಿಸರಕ್ಕೆ ಹಾನಿ ಮಾಡದ ಹೋಟೆಲ್, ನಿಂಗೆ ಇಷ್ಟ ಆಗ್ತದೆ" ಎಂದಳು. ಆ ಮಾತು ನಿಜವೇ ಎಂದು ನೋಡಬೇಕೆನ್ನಿಸಿತು.

ಕೋಣೆ ಅಂದರೆ ಒಂದು ಪುಟ್ಟ ಮನೆಯೇ. ಗಿಲಾವು ಇಲ್ಲದ ಕೆಂಪು ಚಿರೆಕಲ್ಲಿನ ಗೋಡೆ, ಮೇಲೆ ಹಂಚಿನ ಮಾಡು, ಮುಂದೆ ಜಗಲಿ. ಮಾಡು ತಗ್ಗಿದಲ್ಲಿ ಕೈಯೆತ್ತಿದರೆ ಹಂಚು ಸಿಗುತ್ತದೆ. ಒಂದರ ಅಡಿಯಲ್ಲಿ ಬೆರಳಾಡಿಸಿದೆ. ಉಬ್ಬಿದ ಅಕ್ಷರಗಳು: ಬಾಸೆಲ್ ಮಿಶನ್, ಮಂಗಳೂರು, 1865. ಅದು ಕಾರ್ಖಾನೆ ಶುರುವಾದ ವರ್ಷ, ಹಂಚು ಸುಟ್ಟ ವರ್ಷವಲ್ಲ. ಆದರೂ ನೂರು ವರ್ಷಕ್ಕೆ ಕಡಿಮೆ ಹಳತಲ್ಲ. ಸುತ್ತಲ ಊರುಗಳಲ್ಲಿ ಮನೆ ಕೆಡವಿದಲ್ಲೆಲ್ಲ ಹಂಚು ಕೊಂಡು ತಂದರಂತೆ. ಹೊಸ ಹಂಚಿಗಾಗಿ ಮತ್ತೆ ಜೇಡಿಮಣ್ಣು ಅಗೆಯದೆ, ಭಟ್ಟಿಗೆ ಸೌದೆ ಉರಿಸದೆ ಒಂದು ಮನೆ ಎದ್ದಿದೆ. ಇದು ನನಗೆ ಹಿಡಿಸಿತು.

ಬಚ್ಚಲಲ್ಲಿ ಒಂದು ಚೀಟಿ: "ಟವೆಲ್ಲನ್ನು ದಿನವೂ ಒಗೆಸಬೇಡಿ, ಭೂಮಿಯನ್ನು ಉಳಿಸಿ." ಟವೆಲ್ ಒಂದು ಬಕೆಟ್ ನೀರಿನ ಮಾತು. ಕಡಲ ಅಂಚಿನಲ್ಲಿ ಇಷ್ಟು ಜನರಿಗೆ ಸ್ನಾನ, ಅಡುಗೆ, ಬಟ್ಟೆ, ಈಜುಕೊಳ ಎಲ್ಲದಕ್ಕೂ ಸಿಹಿನೀರು ಎಲ್ಲಿಂದ ಬರುತ್ತದೆ ಎಂಬುದು ದೊಡ್ಡ ಮಾತು. ನಾಳೆ ಬಾವಿ ನೋಡಬೇಕು.

8 ಫೆಬ್ರವರಿ, ಶನಿವಾರ

ಆರು ಗಂಟೆಗೇ ಎದ್ದೆ. ತೋಟದಲ್ಲಿ ಒಬ್ಬ ಹಾಲಕ್ಕಿ ಹೆಂಗಸು ಹರಿವೆ ಸೊಪ್ಪು ಕೀಳುತ್ತಿದ್ದಳು. ಕೊರಳ ತುಂಬ ಕರಿಮಣಿ ಸರ. ಪಕ್ಕದ ಕೇರಿಯವಳು, ನನ್ನ ವಯಸ್ಸಿನವಳೇ. ಬಾವಿ ಎಲ್ಲಿ ಅಕ್ಕ ಎಂದು ಕೇಳಿದರೆ ಸೊಪ್ಪಿನ ಬುಟ್ಟಿ ಅಲ್ಲೇ ಇಟ್ಟು ಕರೆದುಕೊಂಡು ಹೋದಳು. ದಾರಿಯಲ್ಲಿ ಅವಳೇ ನೆಟ್ಟ ಮುರುಗಲು ಗಿಡಗಳನ್ನು ತೋರಿಸಿದಳು. ಹೊನ್ನಳ್ಳಿಯ ತುಳಸಿ ಗೌಡರ ಮಾತು ಬಂತು. ಅವರು ತೀರಿಕೊಂಡು ಇನ್ನೂ ಎರಡು ತಿಂಗಳು ತುಂಬಿಲ್ಲ. "ಅವ್ರ ಕೈಯಲ್ಲಿ ನೆಟ್ಟದ್ದು ಸಾಯ್ತಿರ್ಲಿಲ್ಲ" ಎಂದಳು.

ಬಾವಿಗೆ ಚಿರೆಕಲ್ಲಿನ ಕಟ್ಟೆ. ನೀರು ಕೈಗೆಟುಕುವಷ್ಟು ಮೇಲೇನಿಲ್ಲ, ಹಗ್ಗ ಇಳಿಸಿ ಅಳೆದೆ, ಹದಿನಾಲ್ಕು ಅಡಿಗೆ ಸಿಕ್ಕಿತು. ಒಂದು ಬೊಗಸೆ ಕುಡಿದೆ. ತಣ್ಣಗೆ, ಸ್ವಲ್ಪ ಕಬ್ಬಿಣದ ಒಗರು, ಉಪ್ಪಿನ ಸುಳಿವಿಲ್ಲ. ಕೈಚೀಲದಲ್ಲಿ ಲವಣಾಂಶ ಅಳೆಯುವ ಪೆನ್ನು ಯಾವಾಗಲೂ ಇರುತ್ತದೆ. ಅದ್ದಿದೆ: ಲೀಟರಿಗೆ 310 ಮಿಲಿಗ್ರಾಂ. ಕುಡಿಯುವ ನೀರಿನ ಭಾರತೀಯ ಮಾನದಂಡದಲ್ಲಿ 500ರ ಒಳಗಿದ್ದರೆ ಒಳ್ಳೆಯದು. ಫೆಬ್ರವರಿಗೆ ಇದು ಚಿನ್ನದಂಥ ನೀರು.

ಆದರೆ ಕಡಲ ಬದಿಯ ಬಾವಿಯನ್ನು ಫೆಬ್ರವರಿಯಲ್ಲಿ ನೋಡಿ ತೀರ್ಪು ಕೊಡಬಾರದು. ಮರಳಿನಡಿ ಉಪ್ಪುನೀರು ಇದ್ದೇ ಇದೆ. ಮಳೆಯ ಸಿಹಿನೀರು ಹಗುರ, ಅದು ಉಪ್ಪುನೀರಿನ ಮೇಲೆ ಕೆನೆಯ ಹಾಗೆ ತೇಲುತ್ತ ನಿಂತಿರುತ್ತದೆ. ಸಮುದ್ರಮಟ್ಟಕ್ಕಿಂತ ಒಂದು ಅಡಿ ಸಿಹಿನೀರು ಮೇಲಿದ್ದರೆ, ಅದರ ಕೆಳಗೆ ಸುಮಾರು ನಲವತ್ತು ಅಡಿಯವರೆಗೆ ಸಿಹಿನೀರು ಎಂದು ಲೆಕ್ಕ. ಈ ಲೆಕ್ಕ ತಿರುಗಿಯೂ ನಿಜ. ಪಂಪು ಹಾಕಿ ಒಂದು ಅಡಿ ಇಳಿಸಿದರೆ ಕೆಳಗಿನಿಂದ ಉಪ್ಪು ನಲವತ್ತು ಅಡಿ ಮೇಲೇರಲು ಹೊರಡುತ್ತದೆ. ಇದು ಒಬ್ಬರ ಬಾವಿಯ ಪಾಡಲ್ಲ. ಹೋಟೆಲಿನವರು ಎಳೆದರೆ ಪಕ್ಕದ ಕೇರಿಯ ಹೆಂಗಸಿನ ಗಂಜಿ ಉಪ್ಪಾಗುತ್ತದೆ. ಅಜ್ಜಿಯ ಬಾವಿಯ ನೀರು ಮೇ ತಿಂಗಳಲ್ಲಿ ನಾಲಿಗೆಗೆ ತಿಳಿಯುವಷ್ಟು ಕೆಡುತ್ತಿತ್ತು. ಆಗ ಅಜ್ಜಿ ಬೆಳಗಿನ ಜಾವ ನಾಲ್ಕೇ ಕೊಡ ಸೇದುತ್ತಿದ್ದಳು, ಐದನೆಯದಕ್ಕೆ ಬಿಡುತ್ತಿರಲಿಲ್ಲ. ಅವಳಿಗೆ ಯಾರೂ ಪಾಠ ಹೇಳಿರಲಿಲ್ಲ. ನಾನು ಎರಡು ವರ್ಷ ಓದಿ ಎಂ.ಎಸ್ಸಿ.ಯಲ್ಲಿ ಕಲಿತದ್ದನ್ನು ಅವಳು ಕೊಡದ ಲೆಕ್ಕದಲ್ಲಿ ಇಟ್ಟುಕೊಂಡಿದ್ದಳು.

ಅಲೆ ಬಿಟ್ಟುಹೋದ ಕಸದ ಗೆರೆಯಿಂದ ಬಾವಿಯವರೆಗೆ ಹೆಜ್ಜೆ ಹಾಕಿ ಅಳೆದೆ. ಸುಮಾರು 230 ಮೀಟರ್. ಉಬ್ಬರದ ಗೆರೆಯಿಂದ 200 ಮೀಟರ್ ಒಳಗೆ ಹೋಟೆಲುಗಳು ಅಂತರ್ಜಲ ಎತ್ತಬಾರದೆಂದು ನಿಯಮವಿದೆ. ಇವರು ಅದನ್ನು ಪಾಲಿಸಿದ್ದಾರೆ.

ತಿಂಡಿಗೆ ಕಗ್ಗದ ಅಕ್ಕಿಯ ಗಂಜಿ, ಅಪ್ಪೆಮಿಡಿ ಉಪ್ಪಿನಕಾಯಿ, ಒಂದು ತುಂಡು ಬೆಲ್ಲ. ಕಗ್ಗ ಅಂದರೆ ಅಘನಾಶಿನಿಯ ಗಜನಿ ಗದ್ದೆಗಳಲ್ಲಿ, ಉಪ್ಪುನೀರು ನುಗ್ಗಿದರೂ ತಲೆಯೆತ್ತಿ ನಿಲ್ಲುವ ಕೆಂಪು ಭತ್ತ. ಅದಕ್ಕೆ ಗೊಬ್ಬರ ಬೇಡ, ಔಷಧಿ ಬೇಡ. ಕಟ್ಟು ಒಡೆದು, ಸೀಗಡಿ ಹೊಂಡಗಳು ಬಂದು ಬೆಳೆಯುವವರೇ ಕಡಿಮೆಯಾಗಿದ್ದರು. ಈ ಅಕ್ಕಿ ಮಾಣಿಕಟ್ಟಾ ಕಡೆಯ ರೈತರದ್ದು ಎಂದು ಬಡಿಸಿದ ಹುಡುಗ ಹೇಳಿದ. ಅಘನಾಶಿನಿಗೆ ಹುಟ್ಟಿನಿಂದ ಕಡಲಿನವರೆಗೆ ಎಲ್ಲೂ ಅಣೆಕಟ್ಟಿಲ್ಲ. ಅದರ ಅಳಿವೆ ಕಳೆದ ವರ್ಷ ಜಗತ್ತಿನ ಮುಖ್ಯ ಜೌಗುನೆಲಗಳ ರಾಮ್ಸಾರ್ ಪಟ್ಟಿ ಸೇರಿತು. ಪಟ್ಟಿ ಸೇರಿದ ಮೇಲೂ ಗಜನಿಯಲ್ಲಿ ಕಗ್ಗ ಬಿತ್ತುವವರಿಗೆ ಒಂದು ಬೆಲೆ ಸಿಗದಿದ್ದರೆ ಪಟ್ಟಿಯಿಂದ ಏನು ಬಂತು? ಈ ಹೋಟೆಲ್ ಮಾಡಿದ ಒಳ್ಳೆಯ ಕೆಲಸಗಳಲ್ಲಿ ಇದೇ ದೊಡ್ಡದು ಎನ್ನುತ್ತೇನೆ. ಎರಡು ಬಟ್ಟಲು ಕುಡಿದೆ.

ಮಧ್ಯಾಹ್ನ ಮ್ಯಾನೇಜರ್ ಸಿಕ್ಕಿದ. ಹೊನ್ನಾವರದ ಹುಡುಗ, ಬಲು ನಯ. ನನ್ನ ಪ್ರಶ್ನೆಗಳಿಗೆ ಬೇಸರಪಡಲಿಲ್ಲ. ಅಡುಗೆಮನೆಯ ಹಸಿಕಸ ಗೋಬರ್ ಗ್ಯಾಸಿಗೆ ಹೋಗುತ್ತದೆ. ಬಚ್ಚಲ ನೀರು ಜಲ್ಲಿ ತುಂಬಿದ ಉದ್ದನೆಯ ಮಡಿಗಳಲ್ಲಿ, ಕಾನಾ ಗಿಡಗಳ ಬೇರಿನ ನಡುವೆ ಸೋಸಿ ತೋಟ ಸೇರುತ್ತದೆ. ಮಡಿಯ ಕೊನೆಯಲ್ಲಿ ಬಗ್ಗಿ ಮೂಸಿದೆ, ಕೆಟ್ಟ ವಾಸನೆ ಇರಲಿಲ್ಲ.

ಈಜುಕೊಳದ ಹತ್ತಿರ ನಿಂತು ಲೆಕ್ಕ ಹಾಕಿದೆವು. 15 ಮೀಟರ್ ಉದ್ದ, 6 ಅಗಲ, ಆಳ 1.2. ಅಂದರೆ ಒಂದು ಲಕ್ಷ ಎಂಟು ಸಾವಿರ ಲೀಟರ್. ಬೇಸಗೆಯಲ್ಲಿ ದಿನಕ್ಕೆ ಐದು ಮಿಲಿಮೀಟರ್ ಆವಿಯಾದರೂ 450 ಲೀಟರ್ ಬಿಸಿಲಿಗೆ ಹೋಯಿತು. "ಎಲ್ಲ ಮಳೆನೀರು ಮೇಡಂ, ಬಾವಿಯದ್ದಲ್ಲ" ಎಂದ. ಅದು ಆಗುವ ಮಾತೇ. ಇಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ. ನೂರು ಚದರ ಮೀಟರಿನ ಒಂದು ಮಾಡಿನ ಮೇಲೆ ಬಿದ್ದದ್ದೇ ಮೂರು ಲಕ್ಷ ಲೀಟರ್. ಹಿಡಿದಿಟ್ಟರೆ ಸಾಲದೆ ಬರುವುದಿಲ್ಲ. ಹಿಡಿದಿಟ್ಟಿದ್ದೀರಾ ಎಂದೆ. ಒಂದು ಟ್ಯಾಂಕು, ಎರಡು ಲಕ್ಷ ಲೀಟರಿನದ್ದು. ಏಪ್ರಿಲ್ ಹೊತ್ತಿಗೆ ಬರಿದು. ಆಮೇಲೆ? ಸ್ವಲ್ಪ ಹೊತ್ತು ಸುಮ್ಮನಿದ್ದು, "ಟ್ಯಾಂಕರ್ ತರಿಸ್ತೇವೆ ಮೇಡಂ" ಎಂದ. ಎಲ್ಲಿಂದ? ಒಳಗಿನ ಊರಿನ ಒಂದು ತೋಟದ ಬಾವಿಯಿಂದ.

ಕೇಳಿದ ಮೇಲೆ ಅವನು ಮುಚ್ಚಿಡಲಿಲ್ಲ, ಅದಕ್ಕೆ ಅವನ ಮೇಲೆ ಗೌರವ ಬಂತು. ಆದರೆ ಕೋಣೆಯ ಚೀಟಿಯಲ್ಲಿ ಈ ಟ್ಯಾಂಕರಿನ ಮಾತಿಲ್ಲ. ಇನ್ನೊಂದು ಟ್ಯಾಂಕು ಕಟ್ಟಿ, ಮಾರ್ಚಿನಿಂದ ಮಳೆ ಬರುವವರೆಗೆ ಕೊಳ ಖಾಲಿ ಬಿಡಿ ಎಂದೆ. ಎದುರಿಗೆ ಇಡೀ ಅರಬ್ಬಿ ಸಮುದ್ರವಿದೆ, ಮೀಯಲು ಬೇರೆ ನೀರು ಯಾಕೆ ಬೇಕು?

ರಾತ್ರಿ, ಹತ್ತೂವರೆ

ಒಂಬತ್ತಕ್ಕೆ ಕಡಲ ಕಡೆಯ ದೀಪಗಳನ್ನೆಲ್ಲ ಆರಿಸಿದರು. ಕಾಲುದಾರಿಯಲ್ಲಿ ಮೊಣಕಾಲೆತ್ತರಕ್ಕೆ ಮಾತ್ರ ಕೆಂಬಣ್ಣದ ಮಂದ ಬೆಳಕು. ಮರಳಿನಲ್ಲಿ ಬಲೆ ಕಟ್ಟಿದ ಒಂದು ಸುತ್ತು, ಒಳಗೆ ಆಲಿವ್ ರಿಡ್ಲೆ ಆಮೆಯ ಗೂಡು. ಹಲಗೆಯ ಮೇಲೆ ಬರೆದಿತ್ತು: ಡಿಸೆಂಬರ್ 21. ಇವತ್ತಿಗೆ 49 ದಿನ. ಕಾವಲಿಗೆ ಊರಿನ ಮೀನುಗಾರನೊಬ್ಬ. ಅರಣ್ಯ ಇಲಾಖೆ ನೇಮಿಸಿದೆ. ಒಂದು ಗೂಡಿನಲ್ಲಿ ನೂರರ ಸುಮಾರಿಗೆ ಮೊಟ್ಟೆ. ಹೆಣ್ಣೋ ಗಂಡೋ ಎಂಬುದು ಮರಳಿನ ಬಿಸಿಯ ಮೇಲೆ ನಿಂತಿದೆ, ಬಿಸಿ ಹೆಚ್ಚಿದಷ್ಟೂ ಹೆಣ್ಣು ಹೆಚ್ಚು. ಹೊರಬಂದ ಮರಿ ಬೆಳಕಿದ್ದ ಕಡೆ ಹೊರಡುತ್ತದೆ. ಕತ್ತಲ ದಂಡೆಯಲ್ಲಿ ಬೆಳಗುವುದು ಕಡಲೇ. ಹೋಟೆಲಿನ ದೀಪ ಉರಿದರೆ ಮರಿ ಊರ ಕಡೆ ತೆವಳುತ್ತದೆ, ನಾಯಿಯ ಬಾಯಿಗೆ ಬೀಳುತ್ತದೆ, ಇಲ್ಲವೇ ಬೆಳಗಿನ ಬಿಸಿಲಿಗೆ ಒಣಗುತ್ತದೆ.

ಏಕಾದಶಿಯ ಬೆಳದಿಂಗಳು. ಒಂದು ಗಂಟೆ ಕೂತೆವು, ಇವತ್ತು ಮರಿ ಏಳಲಿಲ್ಲ. "ಇನ್ನೊಂದೆರಡು ದಿನದಲ್ಲಿ ಏಳ್ತಾವೆ" ಎಂದ ಕಾವಲಿನವನು. ಅವನ ಅಪ್ಪ ರಂಪಣಿ ಬಲೆ ಎಳೆಯುತ್ತಿದ್ದವರು. ಇಡೀ ಕೇರಿ ದಂಡೆಯ ಮೇಲೆ ನಿಂತು ಎಳೆಯುವ ಬಲೆ ಅದು. ಎಪ್ಪತ್ತರ ದಶಕದಲ್ಲಿ ಯಂತ್ರದ ಪರ್ಸೀನ್ ದೋಣಿಗಳು ಬಂದವು, ರಂಪಣಿ ಮೂಲೆ ಸೇರಿತು.

9 ಫೆಬ್ರವರಿ, ಭಾನುವಾರ

ದಂಡೆಯಲ್ಲಿ ಉತ್ತರಕ್ಕೆ ನಡೆದೆ. ಹೋಟೆಲಿನ ಜಾಗ ಮುಗಿಯುವಲ್ಲಿ ತಂತಿ ಬೇಲಿ, ಕೇದಗೆಯ ಪೊದೆಯವರೆಗೂ ಇಳಿದಿದೆ. "ಖಾಸಗಿ ಜಾಗ" ಎಂಬ ಹಲಗೆ. ಬೇಲಿಯಾಚೆ ದೋಣಿ ಬಂದು ಮೀನು ಇಳಿಸುತ್ತಿದ್ದರು. ಒಬ್ಬ ಹೆಂಗಸು ಬಂಗಡೆ ತುಂಬಿದ ಬುಟ್ಟಿಯನ್ನು ಸಿಂಬಿಯ ಮೇಲೆ ಏರಿಸಿಕೊಂಡು ಹೊರಟಿದ್ದಳು. ಬುಟ್ಟಿಯಿಂದ ಐಸಿನ ನೀರು ಅವಳ ಕಿವಿಯ ಹಿಂದಿನಿಂದ ಇಳಿದು ರವಿಕೆಯ ಬೆನ್ನು ತೊಯ್ದಿತ್ತು. ಒಂದು ಕೈ ಬುಟ್ಟಿಯ ಅಂಚಿಗೆ, ಇನ್ನೊಂದು ಸೊಂಟಕ್ಕೆ.

"ಈ ಕಡೆಯಿಂದ ಹೋಗೂದಿಲ್ವಾ ಅಕ್ಕ?" ಎಂದೆ.

"ಮುಂಚೆ ಇದೇ ದಾರಿ ಅಮ್ಮ. ಹತ್ತು ನಿಮಿಷಕ್ಕೆ ಡಾಂಬರು ರಸ್ತೆ. ಈಗ ಬೇಲಿ ಹಾಕಿರು. ಎಂತ ಮಾಡೂದು, ಸುತ್ತಿ ಹೋಗ್ಬೇಕು." ಮುಕ್ಕಾಲು ಗಂಟೆಯ ಸುತ್ತು. ಪೇಟೆ ಸೇರುವಾಗ ಐಸು ಕರಗಿರುತ್ತದೆ, ಮೀನಿನ ಕಣ್ಣು ಕೆಂಪಾಗಿರುತ್ತದೆ, ಕೊಳ್ಳುವವರು ಕಿವಿರು ಎತ್ತಿ ನೋಡಿ ಬೆಲೆ ಇಳಿಸುತ್ತಾರೆ.

ನಾನು ನಿಂತಲ್ಲೇ ನಿಂತೆ. ಎರಡು ದಿನ ಉಂಡ ಕಗ್ಗದ ಗಂಜಿ, ಮೆಚ್ಚಿಕೊಂಡ ಹಂಚು, ಆರಿಸಿದ ದೀಪ ಎಲ್ಲ ನೆನಪಾಯಿತು. ಆಮೆಗೆ ಕಡಲಿನ ದಾರಿ ಬಿಟ್ಟವರು ಈ ಹೆಂಗಸಿಗೆ ರಸ್ತೆಯ ದಾರಿ ಮುಚ್ಚಿದ್ದಾರೆ.

ಕರಾವಳಿ ನಿಯಂತ್ರಣ ವಲಯದ ನಿಯಮ ಮೊದಲು ಬಂದದ್ದು 1991ರಲ್ಲಿ. 2011ರಲ್ಲಿ, 2019ರಲ್ಲಿ ಮತ್ತೆ ಬರೆದರು. ಕಡಲತೀರದ ಹೋಟೆಲುಗಳಿಗೆ ಹಾಕಿದ ಶರತ್ತುಗಳಲ್ಲಿ ಇದೂ ಇದೆ: ಎರಡು ಹೋಟೆಲುಗಳ ನಡುವೆ ಜನರು ಕಡಲಿಗೆ ಹೋಗಲು ಕನಿಷ್ಠ 20 ಮೀಟರ್ ಜಾಗ ಬಿಡಬೇಕು, ಬೇಲಿ ಜನರ ದಾರಿಗೆ ಅಡ್ಡಿಯಾಗಬಾರದು. ಆದರೆ ಇದನ್ನು ಕಾಗದದ ಮಾತಾಗಿ ಹೇಳಲು ನನಗೆ ಮನಸ್ಸಿಲ್ಲ. ಅವಳ ಅತ್ತೆ, ಅತ್ತೆಯ ಅತ್ತೆ ನಡೆದ ದಾರಿ ಅದು. ಯಾವ ನಿಯಮ ಬರುವ ಮೊದಲೂ ಅದು ಅವರದ್ದೇ.

ಸಂಜೆ ಮ್ಯಾನೇಜರನಿಗೆ ಹೇಳಿದೆ. ಅವನ ಮುಖ ಸಣ್ಣದಾಯಿತು. ಬೇಲಿ ಹಾಕಿದ್ದು ಹೋದ ವರ್ಷ, ಕೋಣೆಯ ಮುಂದೆ ಬಲೆ ಒಣಗಿಸುತ್ತಾರೆ, ಮೀನಿನ ವಾಸನೆ ಬರುತ್ತದೆ ಎಂದು ಅತಿಥಿಗಳು ದೂರು ಕೊಟ್ಟರಂತೆ. ಮಾಲೀಕರಿಗೆ ತಿಳಿಸುತ್ತೇನೆ ಎಂದ. "ಮೀನಿನವರು ಎದ್ದು ಹೋದರೆ ಇಲ್ಲಿ ಉಳಿಯುವುದು ಬರೀ ಮರಳು" ಎಂದೆ. "ಗೊತ್ತು ಮೇಡಂ, ನಮ್ಮಮ್ಮನೂ ಮೀನು ಮಾರ್ತಿದ್ಲು" ಎಂದ. ಆಮೇಲೆ ಇಬ್ಬರೂ ಮಾತಾಡಲಿಲ್ಲ.

ರಾತ್ರಿ ಮಗಳು ಫೋನ್ ಮಾಡಿದಳು. ಹೋಟೆಲ್ ಹೇಗಿದೆ ಎಂದಳು. ಅರ್ಧಕ್ಕಿಂತ ಹೆಚ್ಚು ಒಳ್ಳೆಯದು ಎಂದೆ. ಉಳಿದದ್ದನ್ನು ಮನೆಗೆ ಹೋದ ಮೇಲೆ ಹೇಳಬೇಕು.

10 ಫೆಬ್ರವರಿ, ಸೋಮವಾರ

ಬೆಳಿಗ್ಗೆ ಗೂಡಿನ ಹತ್ತಿರ ಹೋದೆ, ಇನ್ನೂ ಎದ್ದಿಲ್ಲ. ತೋಟದ ಅಕ್ಕ ಒಂದು ಹಿಡಿ ಒಣ ಮುರುಗಲು ಸಿಪ್ಪೆ ಕಟ್ಟಿಕೊಟ್ಟಳು, ದುಡ್ಡು ಮುಟ್ಟಲಿಲ್ಲ.

ಹೊರಡುವಾಗ ಅತಿಥಿಗಳ ಪುಸ್ತಕ ಮುಂದಿಟ್ಟರು. ಬರೆದದ್ದನ್ನು ಇಲ್ಲಿಯೂ ಇಳಿಸಿಕೊಳ್ಳುತ್ತೇನೆ:

"ನಿಮ್ಮ ಹಂಚು, ಕಗ್ಗದ ಗಂಜಿ, ಆಮೆಗಾಗಿ ಆರಿಸಿದ ದೀಪ ನನಗೆ ಸಂತೋಷ ಕೊಟ್ಟಿವೆ. ಮಳೆನೀರಿಗೆ ಇನ್ನೊಂದು ಟ್ಯಾಂಕು ಕಟ್ಟಿ, ಟ್ಯಾಂಕರ್ ನಿಲ್ಲಿಸಿ. ಏಪ್ರಿಲ್, ಮೇ ತಿಂಗಳಲ್ಲಿ ವಾರಕ್ಕೊಮ್ಮೆ ಬಾವಿಯ ನೀರಿನ ಮಟ್ಟ, ಉಪ್ಪು ಅಳೆದು ಅತಿಥಿಗಳಿಗೂ ಕೇರಿಯವರಿಗೂ ಕಾಣುವಂತೆ ಬರೆದು ಹಾಕಿ. ಉತ್ತರದ ಬೇಲಿ ತೆಗೆಯಿರಿ. ಬುಟ್ಟಿ ಹೊತ್ತವರು ಅಲ್ಲಿಂದಲೇ ನಡೆಯಲಿ."