ಢಮ್ ಅಂದದ್ದು ನನ್ನಿಂದ

ಕಳೆದ ಸಲ ಈ ಗೋಡೆ ಪತ್ರಿಕೆಗೆ ನಾನು ‘ನಮ್ಮೂರ ಜಾತ್ರೆ’ ಎಂಬ ಪ್ರಬಂಧ ಬರೆದಿದ್ದೆ. ಈ ಸಲ ಬರೆಯುತ್ತಿರುವುದು ನನ್ನದೇ ಒಂದು ತಪ್ಪಿನ ಕಥೆ. ಓದಿ ನಗು ಬಂದರೆ ನಗಿ. ಆದರೆ ದಯವಿಟ್ಟು ಪೂರ್ತಿ ಓದಿ.

ದಸರಾ ರಜೆಗೆ ಮುಂಚೆ ನಮ್ಮ ಶಾಲೆಯಲ್ಲಿ ಆಯುಧಪೂಜೆ ಮಾಡುವುದು ನಿಮಗೆಲ್ಲ ಗೊತ್ತೇ ಇದೆ. ಗುದ್ದಲಿ, ಪಿಕಾಸಿ, ಹೆಡ್ ಮಾಸ್ತರರ ಸ್ಕೂಟರ್, ಅಡುಗೆಮನೆಯ ದೊಡ್ಡ ಪಾತ್ರೆ, ಶಾಲೆಯ ಗಂಟೆ, ಕೊನೆಗೆ ಕಂಪ್ಯೂಟರ್, ಎಲ್ಲಕ್ಕೂ ಅರಿಸಿನ ಕುಂಕುಮ. ಈ ವರ್ಷ ಕಂಪ್ಯೂಟರ್ ರೂಮು ಗುಡಿಸುವ ಪಾಳಿ ನಮ್ಮ ಒಂಬತ್ತನೇ ತರಗತಿಗೆ ಬಂತು. ನಮ್ಮ ಜೊತೆ ಅಟೆಂಡರ್ ತಾತ ಇದ್ದರು. ಅವರು ಬಕೆಟ್ ನೀರಿನಲ್ಲಿ ಬಟ್ಟೆ ಅದ್ದಿ, ಹಿಂಡಿ, ಮೇಜು ಕುರ್ಚಿಗಳನ್ನೆಲ್ಲ ಒರೆಸಿದರು. ಕಂಪ್ಯೂಟರಿನ ಡಬ್ಬವನ್ನೂ ಮೇಲೆ ಮೇಲೆ ಒರೆಸಿದರು.

ನಾನು ಡಬ್ಬದ ಹಿಂದುಗಡೆ ಜೇಡರ ಬಲೆ ತೆಗೆಯುತ್ತಿದ್ದೆ. ವೈರುಗಳನ್ನೆಲ್ಲ ಬಿಚ್ಚಿಟ್ಟಿದ್ದೆವು. ಕರೆಂಟಿನ ವೈರು ಚುಚ್ಚುವ ಜಾಗದ ಪಕ್ಕದಲ್ಲಿ ಒಂದು ಪುಟ್ಟ ಕೆಂಪು ಸ್ವಿಚ್ ಕಂಡಿತು. ಅದರ ಮೇಲೆ 230 ಎಂದು ಬರೆದಿತ್ತು. ಕೈವಾರದ ಮೊನೆಯಿಂದ ಒತ್ತಿ ತಳ್ಳಿದೆ. ಟಕ್ ಅಂತ ಸರಿದು 115 ಎಂದು ತೋರಿಸಿತು.

ನಾನು ತರಲೆಗೆ ಹಾಗೆ ಮಾಡಿದ್ದಲ್ಲ. ಹಿಂದಿನ ವಾರ ಪ್ರಾರ್ಥನೆಯ ಹೊತ್ತಿನಲ್ಲಿ ಹೆಡ್ ಮಾಸ್ತರು, “ಕರೆಂಟ್ ಬಿಲ್ ಜಾಸ್ತಿ ಬರ್ತಾ ಇದೆ, ಎಲ್ಲರೂ ಉಳಿತಾಯ ಮಾಡಬೇಕು” ಎಂದಿದ್ದರು. 230ಕ್ಕೆ 115 ಸರಿಯಾಗಿ ಅರ್ಧ. ಇಲ್ಲಿ ಅರ್ಧ ಮಾಡಿದರೆ ಬಿಲ್ಲೂ ಅರ್ಧ ಆಗುತ್ತೆ ಅಂತ ನನ್ನ ಲೆಕ್ಕ! ಯಾರಿಗೂ ಹೇಳಲಿಲ್ಲ. ಬಿಲ್ಲು ಕಡಿಮೆ ಬಂದ ಮೇಲೆ ಹೇಳಿ ಶಭಾಷ್ ಅನ್ನಿಸಿಕೊಳ್ಳೋಣ ಅಂತಿದ್ದೆ. ಅಲ್ಪವಿದ್ಯೆ ಮಹಾಗರ್ವಿ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ಮಧ್ಯಾಹ್ನ ಪೂಜೆ. ಕಂಪ್ಯೂಟರಿಗೆ ಸೇವಂತಿಗೆ ಹಾರ, ಕುಂಕುಮ. ಮಂಗಳಾರತಿ ಮುಗಿದ ಮೇಲೆ ಕಂಪ್ಯೂಟರ್ ಸರ್, “ಈಗ ಆನ್ ಮಾಡೋಣ, ಕೈ ಮುಗೀರಿ” ಎಂದು ಗೋಡೆಯ ಸ್ವಿಚ್ ಹಾಕಿದರು.

ಢಮ್!

ಪಟಾಕಿಯಂಥ ಶಬ್ದ. ಡಬ್ಬದ ಹಿಂದಿನಿಂದ ಬಿಳಿ ಹೊಗೆ, ಸುಟ್ಟ ವಾಸನೆ. ಚಿಕ್ಕ ಮಕ್ಕಳು ಚೀರಿಕೊಂಡು ಓಡಿದರು. ಸರ್ ಮೇನ್ ಆಫ್ ಮಾಡಿದರು. ಹೊಗೆ ಆರಿದ ಮೇಲೆ ಯಾರೋ ಒಬ್ಬರು, “ಒದ್ದೆ ಬಟ್ಟೇಲಿ ಒರೆಸಿದ್ರಲ್ಲ, ನೀರು ಒಳಗೆ ಹೋಗಿದೆ” ಎಂದರು. ಅಷ್ಟೇ. ಎಲ್ಲರ ಕಣ್ಣೂ ತಾತನ ಕಡೆ ತಿರುಗಿತು. ತಾತ ಕೈಯಲ್ಲಿದ್ದ ಮಂಗಳಾರತಿ ತಟ್ಟೆ ಕೆಳಗಿಟ್ಟು, “ಚೆನ್ನಾಗಿ ಹಿಂಡಿದ್ದೆ ಸಾರ್... ಆದ್ರೂ ನನ್ನಿಂದ್ಲೇ ಆಯ್ತೇನೋ” ಎಂದರು.

ನಾನು ಬಾಯಿ ಬಿಡಲಿಲ್ಲ. ಆ ಹೊತ್ತಿಗೆ ನನಗೂ ಖಾತ್ರಿ ಇರಲಿಲ್ಲ. ನೀರಿನಿಂದಲೇ ಇರಬಹುದು ಅಂತ ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ಆದರೆ ಮನೆಗೆ ಹೋಗುವ ದಾರಿಯುದ್ದಕ್ಕೂ ಆ 115 ಕಣ್ಣ ಮುಂದೆ ಬರುತ್ತಿತ್ತು.

ನಮ್ಮಣ್ಣ ಐ.ಟಿ.ಐ. ಓದಿ ತುಮಕೂರಿನಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ ಕೆಲಸ ಮಾಡುತ್ತಾನೆ. ಹಬ್ಬಕ್ಕೆ ಊರಿಗೆ ಬಂದಿದ್ದ. ರಾತ್ರಿ ಊಟ ಆದ ಮೇಲೆ ಜಗಲಿಯಲ್ಲಿ ಕೂತಿದ್ದಾಗ, ಯಾರದೋ ವಿಷಯ ಎಂಬಂತೆ ಕೇಳಿದೆ: “ಅಣ್ಣಾ, ಕಂಪ್ಯೂಟರ್ ಹಿಂದೆ ಇರೋ ಕೆಂಪು ಸ್ವಿಚ್ ತಳ್ಳಿದ್ರೆ ಏನಾಗುತ್ತೆ?”

ಅಣ್ಣ ನನ್ನ ಮುಖ ನೋಡಿದ. “ಏನೇ ಮಾಡ್ದೆ ನೀನು?” ಎಂದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು ನನ್ನ ಪರಿಸ್ಥಿತಿ. ಎಲ್ಲ ಹೇಳಿದೆ.

ಅವನು ಬಿಡಿಸಿ ತಿಳಿಸಿದ್ದನ್ನು ನಿಮಗೂ ಹೇಳುತ್ತೇನೆ. ಕಂಪ್ಯೂಟರ್ ಡಬ್ಬದೊಳಗೆ ಎಸ್.ಎಂ.ಪಿ.ಎಸ್. ಎಂಬ ಇನ್ನೊಂದು ತಗಡಿನ ಡಬ್ಬಿ ಇರುತ್ತದೆ. ಅಂದರೆ ಸ್ವಿಚ್ ಮೋಡ್ ಪವರ್ ಸಪ್ಲೈ. ಕಂಪ್ಯೂಟರಿನ ಒಳಗಿನ ಭಾಗಗಳಿಗೆ ಬೇಕಾದ್ದು 12, 5 ಮತ್ತು 3.3 ವೋಲ್ಟಿನ ಡಿ.ಸಿ. ಕರೆಂಟ್. ಗೋಡೆಯಿಂದ ಬರುವ ಎ.ಸಿ. ಕರೆಂಟನ್ನು ಹಾಗೆ ಮಾಡಿ ಹಂಚುವುದೇ ಈ ಡಬ್ಬಿಯ ಕೆಲಸ. ನಮ್ಮ ದೇಶದಲ್ಲಿ ಮನೆಗೆ ಬರುವುದು 230 ವೋಲ್ಟ್. ಅಮೆರಿಕದಲ್ಲಿ 120, ಜಪಾನಿನಲ್ಲಿ 100. ಎರಡೂ ಕಡೆ ಮಾರುವುದಕ್ಕೆ ಅನುಕೂಲವಾಗಲಿ ಎಂದು ಕೆಲವು ಡಬ್ಬಿಗಳಿಗೆ ಆ ಕೆಂಪು ಸ್ವಿಚ್ ಇಟ್ಟಿರುತ್ತಾರೆ. ಉಳಿತಾಯಕ್ಕೂ ಅದಕ್ಕೂ ಏನೇನೂ ಸಂಬಂಧವಿಲ್ಲ.

ಡಬ್ಬಿಯೊಳಗೆ ಎರಡು ದಪ್ಪ ಕೆಪಾಸಿಟರ್‌ಗಳಿರುತ್ತವೆ. ಹೆಚ್ಚಾಗಿ ಒಂದೊಂದೂ 200 ವೋಲ್ಟ್ ತಡೆಯುವಂಥವು. ಸ್ವಿಚ್ 230ರಲ್ಲಿದ್ದರೆ ಒಳಗೆ ಸುಮಾರು 325 ವೋಲ್ಟ್ ಡಿ.ಸಿ. ತಯಾರಾಗಿ, ಎರಡೂ ಅದನ್ನು ಅರ್ಧರ್ಧ ಹಂಚಿಕೊಳ್ಳುತ್ತವೆ. 115ಕ್ಕೆ ತಳ್ಳಿದರೆ ಅದು ಅಮೆರಿಕದ ಕರೆಂಟು ಎಂದು ತಿಳಿದು ಎರಡು ಪಟ್ಟು ಮಾಡುತ್ತದೆ. ಆಗ ಒಂದೊಂದರ ಮೇಲೂ 325 ವೋಲ್ಟ್ ಬೀಳುತ್ತದೆ. ಒಂದು ಮೂಟೆ ಹೊರುವ ಎತ್ತಿಗೆ ಎರಡು ಮೂಟೆ ಹೇರಿದ ಹಾಗೆ. ಸಿಡಿಯದೆ ಇನ್ನೇನು ಮಾಡೀತು? “ಒದ್ದೆ ಬಟ್ಟೇಲಿ ಮೇಲೆ ಒರೆಸಿದ್ದಕ್ಕೆ ಹಂಗೆ ಸಿಡಿಯೋದಿಲ್ಲ ಕಣೇ. ಇದು ನಿನ್ನ ಕೆಲಸವೇ. ಸರ್‌ಗೆ ಹೇಳ್ಬಿಡು” ಎಂದ ಅಣ್ಣ.

ನಾಳೆ ಹೇಳುತ್ತೇನೆ ಎಂದೆ. ಸರ್ ಮನೆ ನಮ್ಮೂರಿನಲ್ಲೇ ಇದೆ. ನಾಳೆ ಹೋಗಿ ನಾಡಿದ್ದಾಯಿತು. ಹದಿನೈದು ದಿನದ ರಜೆ ಹಾಗೇ ಕಳೆಯಿತು. ಒಂದು ದಿನ ಅಮ್ಮ ಹಾಲು ಹಾಕಿ ಬಾ ಅಂತ ಡೈರಿಗೆ ಕಳಿಸಿದಾಗ ತಾತ ಸಿಕ್ಕಿದರು. ಯಾವಾಗ ಕಂಡರೂ “ಏನವ್ವಾ, ಚೆನ್ನಾಗಿ ಓದ್ತಿದ್ದೀಯಾ?” ಅನ್ನುವವರು, ಅವತ್ತು, “ಆ ಮಿಷನ್ನು ರಿಪೇರಿ ಆಗುತ್ತಂತಾ ಅವ್ವಾ? ನಿಮ್ಮಣ್ಣ ಏನಂದ?” ಎಂದು ಕೇಳಿದರು. ನಾನು ಗೊತ್ತಿಲ್ಲ ತಾತ ಎಂದು ಹೇಳಿ ಹಾಲಿನ ಕ್ಯಾನು ಹಿಡಿದುಕೊಂಡು ಬಂದುಬಿಟ್ಟೆ. ಅವತ್ತು ರಾತ್ರಿ ನನಗೆ ಊಟ ಸೇರಲಿಲ್ಲ. ಮೊದಲ ದಿನ ನಾನು ಮಾಡಿದ್ದು ತಿಳಿಯದೆ. ಡೈರಿಯ ಹತ್ತಿರ ಮಾಡಿದ್ದು ತಿಳಿದೂ ತಿಳಿದೂ.

ಶಾಲೆ ತೆರೆದ ದಿನ ಹಾಜರಿ ಪುಸ್ತಕ ತರಲು ಆಫೀಸ್ ರೂಮಿಗೆ ಹೋದೆ. ತಾತ ಅಲ್ಲಿ ನಿಂತಿದ್ದರು. ಟವೆಲ್ಲಿನ ಗಂಟು ಬಿಚ್ಚಿ ನೋಟುಗಳನ್ನು ಮೇಜಿನ ಮೇಲೆ ಇಟ್ಟರು. “ಏಳುನೂರು ರೂಪಾಯಿ ಇದೆ ಸಾರ್. ದೀಪಾವಳಿಗೆ ಅಂತ ಇಟ್ಟಿದ್ದೆ. ಸಾಲದಿದ್ರೆ ಮುಂದಿನ ತಿಂಗಳು ಕೊಡ್ತೀನಿ. ಮಕ್ಕಳ ಮಿಷನ್ನು ನನ್ನಿಂದ ಹಾಳಾಯ್ತು ಅನ್ನೋ ಮಾತು ಬೇಡ, ಇನ್ನೆರಡು ವರ್ಷಕ್ಕೆ ರಿಟೈರ್ ಆಗೋನು” ಎಂದರು. ಹೆಡ್ ಮಾಸ್ತರು, “ಬೇಡ, ಇಟ್ಕೊಳ್ಳಿ” ಎನ್ನುತ್ತಿದ್ದರೂ ತಾತ ಕೇಳಲಿಲ್ಲ.

ಹೇಗೆ ಧೈರ್ಯ ಬಂತೋ ತಿಳಿಯದು. “ತಾತ ಅಲ್ಲ ಸಾರ್. ನಾನು ಸಾರ್” ಎಂದೆ. ಗಂಟಲು ಕಟ್ಟಿತು. ಕೆಂಪು ಸ್ವಿಚ್, ಕೈವಾರ, ಬಿಲ್ಲಿನ ಲೆಕ್ಕ, ಎಲ್ಲ ಹೇಳಿದೆ. ಹೆಡ್ ಮಾಸ್ತರು ಬಹಳ ಹೊತ್ತು ಮಾತಾಡಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು. ಆಮೇಲೆ, “ಸ್ವಿಚ್ ತಳ್ಳಿದ್ದಕ್ಕೆ ಬೇಜಾರಿಲ್ಲ ಕಣಮ್ಮ. ಹದಿನೈದು ದಿನ ಇವರು ಹೆಂಗಿದ್ರು ಅಂತ ಯೋಚನೆ ಮಾಡು” ಎಂದರು. ನಾನು ತಾತನ ಕಾಲು ಮುಟ್ಟಿದೆ. ತಾತ, “ಬಿಡವ್ವಾ, ಬಿಡು. ಸದ್ಯ ನಾನಲ್ಲವಲ್ಲ” ಎಂದು ನೋಟುಗಳನ್ನು ಮತ್ತೆ ಟವೆಲ್ಲಿಗೆ ಕಟ್ಟಿಕೊಂಡರು. ಅವರ ಕೈ ನಡುಗುತ್ತಿತ್ತು.

ಶಿಕ್ಷೆ ಎರಡು. ಒಂದು, ಹೊಸ ಎಸ್.ಎಂ.ಪಿ.ಎಸ್. ಹಾಕುವಾಗ ಜೊತೆಗಿದ್ದು ನಾನೇ ಕೆಲಸ ಕಲಿಯಬೇಕು. ಎರಡು, ನಡೆದದ್ದನ್ನು ಗೋಡೆ ಪತ್ರಿಕೆಗೆ ಬರೆಯಬೇಕು. ದುಡ್ಡಿನ ಮಾತು ಸರ್ ಎತ್ತಲಿಲ್ಲ. ಆದರೆ ಹೊಂಗೆ ಬೀಜ ಆರಿಸಿ ಮಾರಿ ಪ್ರವಾಸಕ್ಕೆಂದು ಹುಂಡಿಯಲ್ಲಿ ಕೂಡಿಟ್ಟಿದ್ದನ್ನು ನಾನು ಅಣ್ಣನ ಕೈಗೆ ಕೊಟ್ಟೆ. ಕಡಿಮೆ ಬಿದ್ದದ್ದನ್ನು ಅಪ್ಪ ಸೇರಿಸಿದರು.

ಮುಂದಿನ ಭಾನುವಾರ ಅಣ್ಣ ಹೊಸ ಡಬ್ಬಿ ತಂದ. 1995ರಲ್ಲಿ ಇಂಟೆಲ್ ಕಂಪನಿಯವರು ಎ.ಟಿ.ಎಕ್ಸ್. ಎಂಬ ಅಳತೆ ತಂದರಂತೆ. ಅದರಿಂದ ಸಾಮಾನ್ಯವಾಗಿ ಒಬ್ಬರ ಎಸ್.ಎಂ.ಪಿ.ಎಸ್. ಇನ್ನೊಬ್ಬರ ಕಂಪ್ಯೂಟರಿಗೂ ಕೂರುತ್ತದೆ. ಮೊದಲು ಪ್ಲಗ್ ಕಿತ್ತೆವು. ಸ್ಕ್ರೂ ಬಿಚ್ಚಿ ಪಕ್ಕದ ತಗಡು ಸರಿಸಿದರೆ ಒಳಗೆ ಬೊಗಸೆ ಧೂಳು, ಎರಡು ಒಣಗಿದ ಹಲ್ಲಿ ಮೊಟ್ಟೆ! ಯಾವ ವೈರು ಎಲ್ಲಿಗೆ ಹೋಗಿದೆ ಎಂದು ನೋಟ್‌ಬುಕ್ಕಿನಲ್ಲಿ ಚಿತ್ರ ಬರೆದುಕೊಂಡೆ. ಹಳದಿ ತಂತಿ 12 ವೋಲ್ಟ್, ಕೆಂಪು 5, ಕಿತ್ತಳೆ 3.3. ಕಪ್ಪು ಗ್ರೌಂಡ್. ಹಸಿರು ಒಂದೇ ಒಂದು; ಡಬ್ಬಿಯನ್ನು ನಿದ್ದೆಯಿಂದ ಎಬ್ಬಿಸುವ ತಂತಿ ಅದು. ಹೊಸದನ್ನು ಕೂರಿಸುವ ಮುಂಚೆ ಅಣ್ಣ ಹಸಿರಿಗೂ ಕಪ್ಪಿಗೂ ಒಂದು ಯು ಪಿನ್ ಸೇರಿಸಿ ಕರೆಂಟ್ ಕೊಟ್ಟ. ಫ್ಯಾನ್ ಗಿರ್ರ್ ಅಂತ ತಿರುಗಿತು. ಡಬ್ಬಿ ಚೆನ್ನಾಗಿದೆ ಅಂತ ಅರ್ಥ. ಇದನ್ನು ನೀವು ಯಾರೂ ಮಾಡಬೇಡಿ, ತಿಳಿದವರೇ ಮಾಡಬೇಕು.

ಹಿಂದಿನ ನಾಲ್ಕು ಸ್ಕ್ರೂ, 24 ಪಿನ್ನಿನ ಅಗಲ ಪ್ಲಗ್, ಹಾರ್ಡ್ ಡಿಸ್ಕಿನ ಚಪ್ಪಟೆ ಪ್ಲಗ್, ಎಲ್ಲ ನಾನೇ ಹಾಕಿದೆ. ಸರ್, ತಾತ, ಅಣ್ಣ ಸುತ್ತ ನಿಂತಿದ್ದರು. ಆನ್ ಮಾಡಿದರೆ ಫ್ಯಾನ್ ತಿರುಗಿತು, ಪರದೆ ಮಾತ್ರ ಕಪ್ಪಗೇ ಇತ್ತು. ನನ್ನ ಎದೆ ಧಸಕ್ ಅಂತು. ಹತ್ತನೇ ತರಗತಿಯ ಅಂಕಗಳು, ಹಿಂದಿನ ವರ್ಷಗಳ ವಾರ್ಷಿಕೋತ್ಸವದ ಫೋಟೋಗಳು, ಎಲ್ಲ ಅದರಲ್ಲೇ ಇದ್ದವು. ಅಣ್ಣ ಏನೂ ಹೇಳದೆ ನನ್ನ ನೋಟ್‌ಬುಕ್ ಮುಂದೆ ಹಿಡಿದ. ಚಿತ್ರದಲ್ಲಿ ಪ್ರೊಸೆಸರ್ ಪಕ್ಕ ನಾಲ್ಕು ಪಿನ್ನಿನ ಪುಟ್ಟ ಪ್ಲಗ್ ಇತ್ತು. ಡಬ್ಬದಲ್ಲಿ ಅದು ನೇತಾಡುತ್ತಿತ್ತು! ಪ್ರೊಸೆಸರ್‌ಗೆ ಕರೆಂಟ್ ಕೊಡುವ ಪ್ಲಗ್ಗನ್ನೇ ಮರೆತಿದ್ದೆ. ಮತ್ತೆ ಆಫ್ ಮಾಡಿ, ಪ್ಲಗ್ ಕಿತ್ತು, ಅದನ್ನು ಚುಚ್ಚಿ ಆನ್ ಮಾಡಿದೆವು. ಪರದೆ ಬೆಳಗಿತು. ತಾರೀಖು ಮಾತ್ರ ಎಷ್ಟೋ ವರ್ಷ ಹಿಂದಿನದು ತೋರಿಸುತ್ತಿತ್ತು. ಒಳಗಿನ ಬಿಲ್ಲೆಯಂಥ 3 ವೋಲ್ಟಿನ ಸೆಲ್ಲು ಮುಗಿದಿತ್ತು. ಅದನ್ನೂ ಬದಲಾಯಿಸಿದೆವು. ಫೋಟೋ, ಅಂಕ ಎಲ್ಲ ಹಾಗೇ ಇದ್ದವು. ಸಿಡಿತವನ್ನು ಎಸ್.ಎಂ.ಪಿ.ಎಸ್. ತಾನೇ ನುಂಗಿಕೊಂಡು ಉಳಿದದ್ದನ್ನು ಕಾಪಾಡಿತ್ತು.

ಸರ್ ಹಳೆ ಫೋಟೋ ಒಂದನ್ನು ತೆರೆದರು. ಧ್ವಜಾರೋಹಣದ ದಿನ ತಾತ ಹಗ್ಗ ಕಟ್ಟುತ್ತಿರುವ ಫೋಟೋ. ತಾತ ಹತ್ತಿರ ಬಂದು ಬಗ್ಗಿ ನೋಡಿ, “ಆಗ ಕೂದಲು ಕರ್ರಗಿತ್ತು” ಎಂದರು. ಎಲ್ಲರೂ ನಕ್ಕೆವು. ಡಬ್ಬವನ್ನು ಒರೆಸಲು ಬಟ್ಟೆ ಕೊಟ್ಟರೆ ಮಾತ್ರ ಅವರು ಈಗಲೂ ತೆಗೆದುಕೊಳ್ಳುವುದಿಲ್ಲ. “ನೀವೇ ಒರೆಸ್ರವ್ವಾ” ಅನ್ನುತ್ತಾರೆ. ಹೊಸ ಡಬ್ಬಿಯಿಂದ ಅದೊಂದು ಸರಿಹೋಗಲಿಲ್ಲ.

ಗೆಳೆಯರೇ, ನಾನು ಕಲಿತದ್ದು ಇಷ್ಟು. ಅರ್ಥವಾಗದ ಸ್ವಿಚ್ಚನ್ನು ಕೇಳದೆ ಮುಟ್ಟಬೇಡಿ. ಒಳಗೆ ಕೈ ಹಾಕುವ ಮುಂಚೆ ಪ್ಲಗ್ ಕೀಳಿ. ಎಸ್.ಎಂ.ಪಿ.ಎಸ್. ಡಬ್ಬಿಯನ್ನಂತೂ ಬಿಚ್ಚಲೇಬೇಡಿ, ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರ್‌ಗಳಲ್ಲಿ ಕರೆಂಟ್ ಉಳಿದಿರಬಹುದು, ಪ್ರಾಣಕ್ಕೇ ಅಪಾಯ. ತಪ್ಪು ಮಾಡಿದರೆ ಅವತ್ತೇ ಹೇಳಿ. ಎಸ್.ಎಂ.ಪಿ.ಎಸ್. ಸಿಡಿಯಲು ಒಂದು ಕ್ಷಣ ಸಾಕಾಯಿತು. ನಾನು ಸುಮ್ಮನಿದ್ದದ್ದು ಹದಿನೈದು ದಿನ.

ಈ ಗೋಡೆ ಪತ್ರಿಕೆಯ ಕೆಳಗಿನ ಮೇಜಿನ ಮೇಲೆ ಆ ಹಳೆ ಡಬ್ಬಿಯನ್ನು ಇಟ್ಟಿದ್ದೇವೆ. ಹಿಂದುಗಡೆ ಬಗ್ಗಿ ನೋಡಿ. ಕೆಂಪು ಸ್ವಿಚ್ ಈಗಲೂ 115ರಲ್ಲೇ ಇದೆ. ನೋಡಿ, ಮುಟ್ಟಬೇಡಿ.

ಇಂತಿ ನಿಮ್ಮ ಗೆಳತಿ,
9ನೇ ತರಗತಿ