ಅಜ್ಜಿಯ ಎದೆ, ಮೊಮ್ಮಗನ ಅಂಕಪಟ್ಟಿ

‘ಸುದ್ದಿ ಕೇಳಿ ಎದೆ ಒಡೆದುಹೋಯಿತು’ ಎನ್ನುವುದು ನಮ್ಮಲ್ಲಿ ರೂಢಿಯ ಮಾತು. ಆ ಮಾತು ಒಬ್ಬ ಹುಡುಗನನ್ನು ಎಷ್ಟು ಹಿಂಡಬಲ್ಲದು ಎಂದು ನಾನು ಕಂಡದ್ದು, ನಮ್ಮ ದೊಡ್ಡಮ್ಮ ತೀವ್ರ ನಿಗಾ ಘಟಕದಲ್ಲಿದ್ದಾಗ.

ಅರವತ್ತೆಂಟರ ದೊಡ್ಡಮ್ಮನಿಗೆ ನ್ಯುಮೋನಿಯಾ ಆಗಿತ್ತು. ಸೋಂಕು ರಕ್ತಕ್ಕೂ ಹರಡಿ, ಉಸಿರಾಟಕ್ಕೆ ಯಂತ್ರ ಹಾಕಿದ್ದರು. ಮೂರನೆಯ ದಿನ ರಕ್ತದೊತ್ತಡ ಇದ್ದಕ್ಕಿದ್ದಂತೆ ಕುಸಿಯಿತು. ಇ.ಸಿ.ಜಿ. ನೋಡಿದರೆ ಥೇಟು ಹೃದಯಾಘಾತವೇ. ಆದರೆ ಆಂಜಿಯೋಗ್ರಾಂ ಮಾಡಿದಾಗ ಹೃದಯದ ರಕ್ತನಾಳಗಳು ಎಲ್ಲಿಯೂ ಕಟ್ಟಿಕೊಂಡಿರಲಿಲ್ಲ.

ಹೊರಗೆ ಬಂಧುಗಳ ತೀರ್ಪು ಆಗಲೇ ಹೊರಬಿದ್ದಿತ್ತು. ಹತ್ತು ದಿನದ ಹಿಂದೆ ಮೊಮ್ಮಗ ಎರಡನೇ ಪಿಯುಸಿಯಲ್ಲಿ ನಪಾಸಾಗಿದ್ದ. ‘ಆ ಕೊರಗೇ ಅವಳನ್ನು ಹಾಸಿಗೆ ಹಿಡಿಸಿತು’ ಎಂದರು ಒಬ್ಬರು. ಹುಡುಗ ಮೆಟ್ಟಿಲ ಮೇಲೆ ಕುಳಿತಿದ್ದ. ಎರಡು ದಿನದಿಂದ ಸರಿಯಾಗಿ ಊಟ ಮಾಡಿರಲಿಲ್ಲ. ವೈದ್ಯರು ಹೊರಬಂದ ಕೂಡಲೇ ಎದ್ದು ನಿಂತು, ‘ಡಾಕ್ಟರೇ, ನನ್ನಿಂದಲೇ ಅಲ್ಲವಾ?’ ಎಂದು ಕೇಳಿಬಿಟ್ಟ.

ವೈದ್ಯರು ಅವನ ಪಕ್ಕದಲ್ಲೇ ಕುಳಿತು, ಚೀಟಿಯ ಹಿಂಬದಿಯಲ್ಲಿ ಒಂದು ಮಡಕೆಯ ಚಿತ್ರ ಬರೆದರು. ಅಗಲವಾದ ಹೊಟ್ಟೆ, ಕಿರಿದಾದ ಕೊರಳು. ಜಪಾನಿನ ಮೀನುಗಾರರು ಆಕ್ಟೋಪಸ್ ಹಿಡಿಯಲು ಸಮುದ್ರಕ್ಕಿಳಿಸುವ ಈ ಮಡಕೆಗೆ ‘ತಾಕೊತ್ಸುಬೊ’ ಎಂದು ಹೆಸರು. ಈ ಕಾಯಿಲೆಯಲ್ಲಿ ಎಡ ಹೃತ್ಕುಕ್ಷಿಯ ಕೆಳಭಾಗ ಸಂಕುಚಿಸಲಾರದೆ ಉಬ್ಬಿಕೊಳ್ಳುತ್ತದೆ. ಮೇಲ್ಭಾಗ ಮಾತ್ರ ಬಿಗಿಯಾಗಿ ಮಿಡಿಯುತ್ತದೆ. ಆಗ ಹೃದಯ ಈ ಮಡಕೆಯಂತೆಯೇ ಕಾಣುತ್ತದೆ. 1990ರಲ್ಲಿ ಜಪಾನಿನ ವೈದ್ಯ ಹಿಕಾರು ಸಾತೊ ಮತ್ತು ಅವರ ಸಂಗಡಿಗರು ಇದನ್ನು ಗುರುತಿಸಿ ಈ ಹೆಸರಿಟ್ಟರು.

ಅಪಾಯ ಎದುರಾದಾಗ ದೇಹ ಆಡ್ರಿನಲಿನ್‌ನಂಥ ರಾಸಾಯನಿಕಗಳನ್ನು ಸುರಿಸುತ್ತದೆ. ಅದು ಮಿತಿಮೀರಿದರೆ ಹೃದಯದ ಸ್ನಾಯುವೇ ಸೋಲುತ್ತದೆ ಎಂಬುದು ವೈದ್ಯರ ಮುಖ್ಯ ವಿವರಣೆ. ಆ ಅಪಾಯ ಮನಸ್ಸಿನದೇ ಆಗಬೇಕಿಲ್ಲ. ರಕ್ತದ ಸೋಂಕು, ಉಸಿರಾಟದ ತೊಂದರೆ, ಮೆದುಳಿನ ರಕ್ತಸ್ರಾವ, ಶಸ್ತ್ರಚಿಕಿತ್ಸೆ ಯಾವುದಾದರೂ ಸಾಕು. 2015ರಲ್ಲಿ ಪ್ರಕಟವಾದ 1,750 ರೋಗಿಗಳ ಅಧ್ಯಯನವೊಂದರಲ್ಲಿ ಶೇ. 36ರಷ್ಟು ಮಂದಿಗೆ ಕಾರಣ ದೈಹಿಕ ಆಘಾತ, ಶೇ. 28ರಷ್ಟು ಮಂದಿಗೆ ಮಾತ್ರ ಮಾನಸಿಕ ಆಘಾತ. ರೋಗಿಗಳಲ್ಲಿ ಶೇ. 90ರಷ್ಟು ಹೆಂಗಸರು, ಬಹುಪಾಲು ಮುಟ್ಟು ನಿಂತವರು.

‘ನಿಮ್ಮಜ್ಜಿಯ ದೇಹ ಸೋಂಕಿನೊಡನೆ ಗುದ್ದಾಡುತ್ತಿದೆಯಪ್ಪ. ಹೃದಯ ಸುಸ್ತಾದದ್ದು ಅದರಿಂದ, ನಿನ್ನ ಮಾರ್ಕ್ಸ್‌ನಿಂದಲ್ಲ’ ಎಂದರು ವೈದ್ಯರು. ‘ದುಃಖದಿಂದ ಆಗುವುದೇ ಇಲ್ಲವೇ?’ ಎಂದು ನಾನು ಕೇಳಿದೆ. ‘ಆಗುತ್ತದೆ. ಸಂತೋಷದ ಸುದ್ದಿಯಿಂದಲೂ ಕೆಲವರಿಗೆ ಆದದ್ದಿದೆ. ಹಾಗೆಂದು ಸುದ್ದಿ ತಂದವನನ್ನು ಅಪರಾಧಿ ಎನ್ನಲಾದೀತೇ?’ ಎಂದು ನಕ್ಕರು.

ಚಿಕಿತ್ಸೆಯೂ ನಾಜೂಕಿನದು. ಕುಸಿದ ರಕ್ತದೊತ್ತಡ ಏರಿಸಲು ಕೊಡುವ ಹಲವು ಔಷಧಿಗಳು ಆಡ್ರಿನಲಿನ್‌ನ ಬಳಗದವೇ. ಅವು ಈ ಹೃದಯವನ್ನು ಇನ್ನಷ್ಟು ಬಳಲಿಸಬಹುದು. ಅದಕ್ಕೇ ಎಕೋ ಪರೀಕ್ಷೆಯಲ್ಲಿ ಹೃದಯವನ್ನು ಮತ್ತೆ ಮತ್ತೆ ನೋಡುತ್ತಾ ಔಷಧಿಯನ್ನು ಅಳೆದು ಕೊಡುತ್ತಾರೆ. ಜೀವಕ್ಕೆ ಅಪಾಯವಿಲ್ಲದ ಕಾಯಿಲೆ ಇದಲ್ಲ. ಆದರೆ ಗಂಡಾಂತರ ದಾಟಿದ ಹೆಚ್ಚಿನವರಲ್ಲಿ ಹೃದಯ ಕೆಲವೇ ವಾರಗಳಲ್ಲಿ ಮೊದಲಿನ ಆಕಾರಕ್ಕೆ ಮರಳುತ್ತದೆ. ದೊಡ್ಡಮ್ಮನದೂ ಆರು ವಾರಕ್ಕೆ ಮರಳಿತು.

ಒಂದು ಎಚ್ಚರಿಕೆ: ಎದೆನೋವು ಬಂದಾಗ ‘ಟೆನ್ಷನ್ ಇರಬೇಕು’ ಎಂದು ಮನೆಯಲ್ಲೇ ಕೂರಬಾರದು. ಇದು ಹೃದಯಾಘಾತವೋ ಅಲ್ಲವೋ ಎನ್ನುವುದು ಆಸ್ಪತ್ರೆಯ ಪರೀಕ್ಷೆಗಳಿಂದಲೇ ತಿಳಿಯಬೇಕು.

ಇನ್ನೊಂದು ಮಾತು ತಂದೆತಾಯಿಯರಿಗೆ. ಮನೆಯಲ್ಲಿ ಹಿರಿಯರು ಮಲಗಿದಾಗ ಕಾರಣ ಹುಡುಕುವ ಆತುರದಲ್ಲಿ ಮಕ್ಕಳತ್ತ ಬೆರಳು ತೋರಿಸಬೇಡಿ. ‘ನಿನ್ನಿಂದಲೇ ಅಜ್ಜಿಗೆ ಹೀಗಾಯಿತು’ ಎಂಬ ಮಾತನ್ನು ಹದಿನೇಳರ ಹುಡುಗ ಯಾರಿಗೂ ಹೇಳದೆ ವರ್ಷಗಟ್ಟಲೆ ಹೊರಬಲ್ಲ. ಅಂಥ ಮಾತು ಆಡುವ ಮೊದಲು, ಒಳಗಿರುವ ವೈದ್ಯರನ್ನು ಒಮ್ಮೆ ಕೇಳಿ.